ಮೇನ್‌ಶೀಟೂ ಮಾವನವರೂ

ರಜೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಗುಮಾಸ್ತರು ಬಾಯಿ ತಪ್ಪಿ ಅಂದುಬಿಟ್ಟರು: "ಇವತ್ತು ಹೊಸ ಮೇನ್‌ಶೀಟ್ ತರಬೇಕು."

"ಬೀರು ತುಂಬ ಬೆಡ್‌ಶೀಟ್ ಇದಾವಲ್ರೀ, ಅದರಲ್ಲೇ ಒಂದು ತಗೊಂಡ್ಹೋಗಿ," ಎಂದಳು ಹೆಂಡತಿ.

"ಹಾಸೋ ಶೀಟ್ ಅಲ್ಲ ಕಣೇ, ಅದು ಹಗ್ಗ. ಗಾಳೀಲಿ ಹಾಯಿನ ಎಳೆದು ಹಿಡಿಯೋ ಹಗ್ಗಕ್ಕೆ ಮೇನ್‌ಶೀಟ್ ಅಂತಾರೆ."

"ಹಗ್ಗಕ್ಕೆ ಹಗ್ಗ ಅನ್ನೋಕೆ ದೋಣಿಯೋರಿಗೆ ಏನು ಕಷ್ಟ?"

ಮಾತು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಪೇಪರಿನ ಹಿಂದೆ ಮಾವನವರಿದ್ದರು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿಯೇ ನಿವೃತ್ತರಾದವರು. ಮಗಳ ಮನೆಗೆ ಬಂದ ಮೇಲೆ ತಪಾಸಣೆಯನ್ನು ಮನೆಯೊಳಗೇ ಮುಂದುವರಿಸಿದ್ದರು. ಪೇಪರ್ ಕೆಳಗಿಳಿಯಿತು.

"ಹಳೇ ಹಗ್ಗಕ್ಕೆ ಏನಾಯ್ತು ಅಳಿಯಂದ್ರೇ?"

"ನಡುವೆ ಎಳೆ ಬಿಟ್ಟಿದೆ ಮಾವ. ರಾಟೆಗಳೂ ತುಕ್ಕು ಹಿಡಿದು ತಿರುಗ್ತಿಲ್ಲ."

"ಅಂದ್ರೆ ಇಷ್ಟು ದಿನ ಕಿತ್ತೋದ ಹಗ್ಗ ಹಿಡ್ಕೊಂಡು ನನ್ನ ಮಗಳ ಗಂಡ ಸಮುದ್ರಕ್ಕೆ ಹೋಗ್ತಿದ್ದ ಅನ್ನಿ!" ಮಾವನವರು ಕನ್ನಡಕ ತೆಗೆದರು. ಅದು ತೀರ್ಪು ಕೊಡುವ ಮುನ್ನಿನ ಲಕ್ಷಣ. "ಸಂಜೆ ನಾನೇ ಬಂದು ಆ ದೋಣೀಲಿ ಕೂತ್ಕೋತೀನಿ. ಸರಿ ಅನ್ನಿಸಿದ್ರೆ ಇರಲಿ. ಇಲ್ದಿದ್ರೆ ಮಾರಿಬಿಡಿ."

ಹೆಂಡತಿಯೂ ತಲೆಯಾಡಿಸಿದಳು. ಗುಮಾಸ್ತರ ಕೈಯಲ್ಲಿದ್ದ ಕಾಫಿ ತಣ್ಣಗಾಯಿತು.

ಅವರ ಸಂಕಟ ಸುಮ್ಮನೆಯದಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಅವರ ಕೆಲಸ. ವಾರವೆಲ್ಲ ಜನ ಬಂದು "ನೀರಿಲ್ಲ" ಎಂದು ಮುಖದ ಮೇಲೆ ಕೂಗುತ್ತಿದ್ದರು. ಹಾಗಾಗಿ ರಜೆಯ ದಿನ ಅವರು ಸುತ್ತಲೂ ನೀರೇ ಇರುವ, ದೂರು ಹೇಳಲು ಒಂದು ನರಪಿಳ್ಳೆಯೂ ಇಲ್ಲದ ಜಾಗಕ್ಕೆ ಹೋಗುತ್ತಿದ್ದರು. ಅದಕ್ಕೆಂದೇ ಕೊಂಡಿದ್ದ ಹಳೆಯ ಕ್ಯಾಟಮರಾನ್ ದೋಣಿ ಅದು. ಒಂದೇ ಅಳತೆಯ ಎರಡು ಚಪ್ಪಲಿಗಳನ್ನು ದೂರದೂರ ಇಟ್ಟು, ಅಡ್ಡಕ್ಕೆ ಕೋಲು ಕಟ್ಟಿ, ನಡುವೆ ಬಟ್ಟೆ ಬಿಗಿದ ಹಾಗಿತ್ತು. ಆ ಬಟ್ಟೆಯ ಮೇಲೆ ಕೂತರೆ ಗುಮಾಸ್ತರು ರಾಜರು.

ರಾಜರು ದೋಣಿಕಟ್ಟೆ ತಲುಪಿದಾಗ ಮಂತ್ರಿಗಳಿಬ್ಬರು ಕಾದಿದ್ದರು. ಒಬ್ಬ ಪಕ್ಕದ ದೋಣಿಯ ಪೈಲ್ವಾನ್, ವ್ಯಾಯಾಮಶಾಲೆ ನಡೆಸುವವನು. ಇನ್ನೊಬ್ಬ ಆಚೆ ಪಕ್ಕದ ಲಿಫ್ಟ್ ಮೆಕ್ಯಾನಿಕ್. ಹಗ್ಗ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ಗುಮಾಸ್ತರ ಒಂದೊಂದು ತೋಳು ಹಿಡಿದು ಕಟ್ಟೆಯ ಕೊನೆಯ ಅಂಗಡಿಗೆ ನಡೆಸಿದರು.

"ಹಗ್ಗ ಅಂದ್ರೆ ಕೈ ತುಂಬ ಇರ್ಬೇಕು ಸಾರ್," ಎಂದ ಪೈಲ್ವಾನ್, ಹಡಗು ಕಟ್ಟುವಂಥ ಒಂದು ಹಗ್ಗವನ್ನು ಹೆಗಲಿಗೇರಿಸಿ. "ಇದನ್ನ ಹಿಡಿದ್ರೆ ಗಾಳಿನೇ ಹೆದರ್ಬೇಕು."

ಗಾಳಿ ಹೆದರಿತೋ ಇಲ್ಲವೋ, ರಾಟೆ ಹೆದರಿತು. ದೋಣಿಗೆ ತಂದು ಪೋಣಿಸಲು ನೋಡಿದರೆ ಹಗ್ಗ ರಾಟೆಯ ಬಾಯಲ್ಲಿ, ಮದುವೆಯ ಕೋಟಿನೊಳಗೆ ಮತ್ತೆ ತೂರಲು ಹೊರಟ ನಡುವಯಸ್ಸಿನವನಂತೆ ಸಿಕ್ಕಿಕೊಂಡಿತು. ಪೈಲ್ವಾನ್ ಒಂದು ಕಡೆಯಿಂದ ತಳ್ಳಿದ, ಗುಮಾಸ್ತರು ಇನ್ನೊಂದು ಕಡೆಯಿಂದ ಎಳೆದರು. ಹಗ್ಗ ಹಾಗೂ ಹೀಗೂ ಹೊಕ್ಕಿತು. ಆಮೇಲೆ ಮುಂದಕ್ಕೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಕೊನೆಗೆ ಅದನ್ನು ಕೊಯ್ದೇ ತೆಗೆಯಬೇಕಾಯಿತು.

"ನಾನು ಹೇಳ್ಲಿಲ್ವಾ?" ಎಂದ ಲಿಫ್ಟ್ ಮೆಕ್ಯಾನಿಕ್. ಅವನು ಏನೂ ಹೇಳಿರಲಿಲ್ಲ. "ಬಲ ಇರೋದು ಹಗ್ಗದಲ್ಲಲ್ಲ ಸಾರ್, ರಾಟೇಲಿ. ರಾಟೆ ಜಾಸ್ತಿ ಆದಷ್ಟೂ ಭಾರ ಕಮ್ಮಿ. ಲಿಫ್ಟ್ ತುಂಬ ಜನರನ್ನ ನಾನು ಕಿರುಬೆರಳಲ್ಲಿ ಎತ್ತಿಬಿಡ್ತೀನಿ."

ಮತ್ತೆ ಅಂಗಡಿ. ಈ ಸಲ ದಾರದಂಥ ಸಣ್ಣ ಹಗ್ಗ, ಬುಟ್ಟಿ ತುಂಬ ರಾಟೆ. ಮೆಕ್ಯಾನಿಕ್ ಅವನ್ನು ಮೇಲೆ ಕೆಳಗೆ ಜೋಡಿಸುತ್ತಾ ಹೋದ. ಮುಗಿದಾಗ ಹಾಯಿಯ ಕೆಳಗೆ ಗೋಡೆ ಗಡಿಯಾರದ ಹೊಟ್ಟೆ ಬಿಚ್ಚಿಟ್ಟ ಹಾಗೆ ಕಾಣುತ್ತಿತ್ತು.

"ಒಂದು ಸಣ್ಣ ಸುತ್ತು ಹೊಡ್ಕೊಂಡು ಬನ್ನಿ," ಎಂದು ದೋಣಿಯನ್ನು ತಳ್ಳಿಯೇಬಿಟ್ಟರು.

ಗುಮಾಸ್ತರು ಎಳೆದರು. ಭಾರವೇನೋ ಇರಲಿಲ್ಲ. ಆದರೆ ಮಾರುಗಟ್ಟಲೆ ಎಳೆದ ಮೇಲೆ ಹಾಯಿ ಗೇಣು ದೂರ ಬಂತು. ಎಳೆದ ಹಗ್ಗ ಮಡಿಲಲ್ಲಿ ರಾಶಿಯಾಗಿ, ಕಾಲಿಗೆ ಸುತ್ತಿ, ಮೊಣಕಾಲಿಗೆ ಏರಿತು. ಅಷ್ಟರಲ್ಲಿ ಗಾಳಿ ಬೀಸಿತು. ಸಣ್ಣ ಹಗ್ಗ ಅಂಗೈ ಕಚ್ಚಿತು. "ಅಯ್ಯಮ್ಮಾ!" ಎಂದು ಕೈ ಬಿಟ್ಟರೆ ಹಗ್ಗದ ಗಂಟು ರಾಟೆಗೆ ಹೋಗಿ ಕೂತಿತು; ಹಾಯಿ ಸಡಿಲವಾಗಲೇ ಇಲ್ಲ. ದೋಣಿ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ನುಗ್ಗಿ ಪೈಲ್ವಾನನ ದೋಣಿಗೆ ಹೋಗಿ ಡಿಕ್ಕಿ ಹೊಡೆಯಿತು. ಗುಮಾಸ್ತರು ಹಗ್ಗದ ಸಮೇತ ನೀರಿಗೆ ಬಿದ್ದರು.

ಇಬ್ಬರೂ ಸೇರಿ ಅವರನ್ನು ಮೇಲೆತ್ತಿದರು. ಹಗ್ಗ ಬಿಡಿಸುತ್ತಲೇ ಜಗಳಕ್ಕೆ ನಿಂತರು.

"ದಪ್ಪ ಹಗ್ಗ ಆಗಿದ್ರೆ ಹೀಗಾಗ್ತಿರ್ಲಿಲ್ಲ!"

"ಇನ್ನೆರಡು ರಾಟೆ ಹಾಕಿದ್ರೆ ಸರಿ ಹೋಗ್ತಿತ್ತು!"

ದೂರು ಕೇಳಿ ಪಳಗಿದ ಗುಮಾಸ್ತರಿಗೆ ಒಂದು ವಿದ್ಯೆ ಗೊತ್ತಿತ್ತು: ಇಬ್ಬರು ಜಗಳವಾಡುವಾಗ ಮೂರನೆಯವನು ಎದ್ದು ಹೋದರೆ ಯಾರಿಗೂ ತಿಳಿಯುವುದಿಲ್ಲ. ತೊಟ್ಟಿಕ್ಕುವ ಬಟ್ಟೆಯಲ್ಲೇ ಅಂಗಡಿಗೆ ಹೋದರು. ಅಂಗಡಿಯಾಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕುರ್ಚಿಯ ಮೇಲಿನ ದಿಂಬು ಎತ್ತಿಟ್ಟಳು.

ಗುಮಾಸ್ತರು ಕಣ್ಣು ಮುಚ್ಚಿ ಹಗ್ಗಗಳನ್ನು ಒಂದೊಂದಾಗಿ ಮುಟ್ಟಿದರು. ಇದು ಒರಟು. ಇದು ಜಾರುತ್ತದೆ. ಇದು ಸೆಟೆದುಕೊಂಡಿದೆ. ಆಮೇಲೆ ಒಂದು ಸಿಕ್ಕಿತು. ಹೆಬ್ಬೆರಳಿಗಿಂತ ತೆಳ್ಳಗೆ, ಮೆತ್ತಗೆ, ಹೆಣೆದ ಜಡೆಯಂತೆ. ಮುಷ್ಟಿಯಲ್ಲಿ ಹಿಡಿದರೆ ತಾನೇ ಕೂತುಕೊಂಡಿತು. ರಾಟೆಗಳನ್ನು ಊದಿ ನೋಡಿದರು. ಉಸಿರಿಗೇ ಗಿರ್ರನೆ ತಿರುಗುವಂಥವು ಸಿಕ್ಕವು: ಮೇಲಕ್ಕೊಂದು ಮೂರು ಗಾಲಿಯದು, ಕೆಳಕ್ಕೊಂದು ಮೂರು ಗಾಲಿಯದು. ಕೆಳಗಿನದು ಎಳೆದಾಗ ಕಟಕಟ ಅನ್ನುತ್ತಾ ಹಗ್ಗದ ಭಾರವನ್ನು ಅರ್ಧ ತಾನೇ ಹೊತ್ತುಕೊಳ್ಳುತ್ತಿತ್ತು.

"ಈ ಸಲ ಯಾರು ಹೇಳಿದ್ದು?" ಎಂದು ಕೇಳಿದಳು ಅಂಗಡಿಯಾಕೆ.

"ಯಾರೂ ಇಲ್ಲ. ನಾನೇ," ಎಂದರು ಗುಮಾಸ್ತರು. ಹಾಗೆ ಹೇಳುವಾಗ ಅವರ ಕತ್ತು ತಾನಾಗಿ ನೆಟ್ಟಗಾಯಿತು.

ಸಂಜೆ ಮಾವನವರು ಮಗಳ ಜೊತೆ ಬಂದರು. ಮಗಳನ್ನು ಕಟ್ಟೆಯ ಮೇಲೆ ನಿಲ್ಲಿಸಿ, ತಾವು ದೋಣಿ ಹತ್ತಿ, ಬಸ್ಸಿನ ಮುಂದಿನ ಸೀಟಿನಲ್ಲಿ ಕೂರುವ ಹಾಗೆ ಸೆಟೆದು ಕೂತರು. ಗುಮಾಸ್ತರು ಹಗ್ಗ ಎಳೆದರು. ಕಟಕಟ ಕಟಕಟ. ಹಾಯಿ ಕರೆದ ಕರುವಿನಂತೆ ಬಂತು. ಬಿಟ್ಟರೆ ಹೋಯಿತು, ಎಳೆದರೆ ಬಂತು. ದೋಣಿ ತುಪ್ಪದ ಮೇಲೆ ಜಾರಿದಂತೆ ಹೊರಟಿತು. ಮಾವನವರ ಹುಬ್ಬಿನ ಗಂಟು ಮೆಲ್ಲಗೆ ಬಿಚ್ಚಿತು.

ಆ ಹೊತ್ತಿಗೆ ಗುಮಾಸ್ತರು ಸುಮ್ಮನಿರಬೇಕಿತ್ತು.

"ಎಷ್ಟು ಹಗುರ ನೋಡಿ ಮಾವ! ಯಾರು ಬೇಕಾದ್ರೂ ಎಳೀಬಹುದು. ಹಿಡ್ಕೊಂಡು ನೋಡಿ."

ಮಾವನವರು ಹಿಡಿದುಕೊಂಡರು. ಎಳೆದರು. ಹಾಯಿ ಬಂತು. ಅವರ ಮುಖದಲ್ಲಿ ಗುಮಾಸ್ತರು ಇದುವರೆಗೆ ಕಾಣದ ಏನೋ ಒಂದು ಅರಳಿತು. ಹಲ್ಲು ಎಂದು ಆಮೇಲೆ ತಿಳಿಯಿತು.

"ಸಾಕು ಮಾವ, ಇತ್ತ ಕೊಡಿ."

"ತಡೀರಿ ಅಳಿಯಂದ್ರೇ. ಆ ಚುಕ್ಕಾಣಿನೂ ಇತ್ತ ತನ್ನಿ. ನೀವು ಸ್ವಲ್ಪ ಮುಂದೆ ಸರೀರಿ."

ಗುಮಾಸ್ತರು ಮುಂದೆ ಸರಿದರು. ಅಲೆಯೆಲ್ಲ ಮುಖಕ್ಕೇ ಹಾರಿತು. ಹಿಂದಿನಿಂದ ಅಪ್ಪಣೆಗಳು ಬಂದವು: "ತಲೆ ಬಗ್ಗಿಸಿ! ಆ ಕಡೆ ಹೋಗಿ! ಅಡ್ಡ ಕೂರಬೇಡಿ!" ಹತ್ತಾರು ಸುತ್ತು ಮುಗಿದ ಮೇಲೆ ದೋಣಿ ಕಟ್ಟೆಗೆ ಬಂತು.

"ಮಾರೋ ಮಾತೇ ಇಲ್ಲ ಕಣಮ್ಮಾ!" ಎಂದು ಮಾವನವರು ಮಗಳಿಗೆ ಕೂಗಿ ಹೇಳಿದರು. ಗುಮಾಸ್ತರ ಎದೆ ಹಿಗ್ಗಿತು. "ಇಂಥ ದೋಣಿ ಮಾರ್ತಾರಾ? ಬಾ, ನೀನೂ ಹತ್ತು. ಅಳಿಯಂದ್ರೇ, ಮೂರು ಜನ ಭಾರ ಆಗತ್ತೆ. ನೀವು ಇಳ್ಕೊಳ್ಳಿ."

"ಅಪ್ಪ ಇಷ್ಟು ಖುಷಿಯಾಗಿರೋದು ನಾನು ನೋಡೇ ಇಲ್ರೀ," ಎಂದು ಕಿವಿಯಲ್ಲಿ ಹೇಳಿ ಹೆಂಡತಿ ಅವರ ಜಾಗದಲ್ಲಿ ಕೂತಳು. ಕಟಕಟ ಎನ್ನುತ್ತಾ ದೋಣಿ ಹೊರಟೇ ಹೋಯಿತು.

ಕಟ್ಟೆಯ ಮೇಲೆ ಪೈಲ್ವಾನ್, ಮೆಕ್ಯಾನಿಕ್, ನಡುವೆ ಒದ್ದೆಯಾದ ಗುಮಾಸ್ತರು. ಹಾಯಿ ಒಂದಿಷ್ಟು ಹೆಚ್ಚೇ ಬಿಗಿಯಾಗಿತ್ತು. ಗುಮಾಸ್ತರಿಗೆ ತಡೆಯಲಾಗಲಿಲ್ಲ. ಎರಡೂ ಕೈ ಬಾಯಿಗೆ ಅಡ್ಡ ಹಿಡಿದು ಕೂಗಿದರು:

"ಹಗ್ಗ ಸ್ವಲ್ಪ ಸಡಿಲ ಬಿಡಿ ಮಾವಾ!"

ನೀರಿನ ಮೇಲಿಂದ ಮಾವನವರ ದನಿ ಸ್ಪಷ್ಟವಾಗಿ ತೇಲಿ ಬಂತು:

"ಯಾರಮ್ಮಾ ಅದು, ದಡದಲ್ಲಿ ನಿಂತು ತಲೆಹರಟೆ ಮಾಡ್ತಿರೋದು?"