ಅತ್ತೆಯ ಜಾಕೀಟಿನೊಳಗೆ ಅರ್ಧ ಗಂಟೆ

ಹೊಲಿಗೆಯ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾದ್ದಿಲ್ಲ. ಕಾನ್ವೆಂಟಿನಲ್ಲಿ ಸತತ ಮೂರು ವರ್ಷ ನೀಡ್ಲ್‌ವರ್ಕಿಗೆ ಫಸ್ಟ್ ಪ್ರೈಜ್ ತೆಗೆದುಕೊಂಡವಳು ನಾನು. ನಾನು ಹಾಕಿದ ಬಟನ್‌ಹೋಲನ್ನು ಸಿಸ್ಟರ್ ಕಿಟಕಿಯ ಬೆಳಕಿಗೆ ಹಿಡಿದು ಇಡೀ ಕ್ಲಾಸಿಗೆ ತೋರಿಸುತ್ತಿದ್ದರು. ಆ ಬೆಳಕು, ಗಂಜಿ ಹಾಕಿದ ಅವರ ಬಿಳಿ ತೋಳು, ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲಿನ ಐವತ್ತೈದು ವರ್ಷಗಳಲ್ಲಿ ದಿಂಬಿನ ಕವರು ಬಿಟ್ಟು ನಾನು ಏನನ್ನೂ ಹೊಲಿದಿಲ್ಲ ಎಂಬುದು ಬೇರೆ ಮಾತು. ಪ್ರೈಜ್ ಈಸ್ ಪ್ರೈಜ್.

ಹಾಗಾಗಿ ಮೊಮ್ಮಗಳು ರಶ್ಮಿಯ ಮದುವೆಗೆ ಹದಿನೈದು ದಿನ ಇರುವಾಗ ಗುಲಾಬಿ ಅತ್ತಿಗೆ ಒಂದು ಕೆಲಸ ಹೇಳಿದಾಗ ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಗುಲಾಬಿ ಅತ್ತಿಗೆ ನಮ್ಮವರ ಅಕ್ಕ. ಎಂಬತ್ತೇಳು ವರ್ಷ. ಎರಡು ಕಣ್ಣಿಗೂ ಪೊರೆ. ಮದುವೆಗೆಂದು ಶಿರೂರಿನ ಮಗನ ಮನೆಯಿಂದ ಮೊದಲೇ ಬಂದು, ನಮ್ಮ ಕುಂದಾಪುರದ ಅಡುಗೆಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಹತ್ತಿರ ಯಾರೂ ಇಲ್ಲವೆಂದು ಗೊತ್ತು ಮಾಡಿಕೊಂಡು ಮೆಲ್ಲಗೆ ಹೇಳಿದರು.

"ಅಬ್ಬಿಗೆ ಪ್ರತೀ ಸಲ ಸೀರೆ ಇಡ್ತ್ರಿ. ಜಾಕೀಟ್ ಯಾರೂ ಇಡುದಿಲ್ಲೆ. ಅದನ್ನ್ ಕತ್ತರ್ಸಿದ್ದ್ ನಾನೇ ಅಲ್ದಾ, ಹೆಣೆ."

ಅಬ್ಬಿ ಎಂದರೆ ಅವರ ತಾಯಿ, ಅಂದರೆ ನನ್ನ ಅತ್ತೆ. ನಾನು ಅವರನ್ನು ಕಂಡವಳಲ್ಲ. ನಮ್ಮವರೂ ಕಂಡವರಲ್ಲ. ಇವರು ಹುಟ್ಟಿದ ಹದಿಮೂರನೇ ದಿನಕ್ಕೆ ಅವರು ತೀರಿಕೊಂಡರಂತೆ. ಉಳಿದದ್ದು ಬೊಂಬಾಯಿಯಲ್ಲಿ ತೆಗೆಸಿದ ಒಂದು ಫೋಟೋ, ಮತ್ತು ಆ ಫೋಟೋದಲ್ಲಿರುವ ಕುರ್ಚಿ. ಫೋಟೋದಲ್ಲಿ ಅವರು ಆ ಕುರ್ಚಿಯಲ್ಲಿ ಕೂತು, ಎರಡೂ ಕೈಯನ್ನು ಕೈಹಿಡಿಗಳ ಮೇಲೆ ನೀಟಾಗಿ ಚಾಚಿ, ನಮ್ಮನ್ನು ನೋಡುತ್ತಾರೆ. ಮೈಮೇಲೆ ಬಿಳಿ ಜಾಕೀಟು, ಅಂದರೆ ಆ ಕಾಲದ ರವಿಕೆ. ಗಂಟಲಿನ ತನಕ ಕಾಲರು, ಹೆಗಲ ಹತ್ತಿರ ಬಲೂನಿನಂತೆ ಉಬ್ಬಿದ ತೋಳು, ಮೊಣಕೈಯಿಂದ ಕೆಳಗೆ ಕೈಗೆ ಅಂಟಿಕೊಂಡ ಹಾಗೆ ಇಳಿದು ಲೇಸಿನಲ್ಲಿ ಮುಗಿಯುತ್ತದೆ.

ಅವರಲ್ಲಿದ್ದ ಒಂದೇ ಒಂದು ಒಳ್ಳೆಯ ಜಾಕೀಟು ಅದು. ಹತ್ತು ವರ್ಷದ ಗುಲಾಬಿ ಅತ್ತಿಗೆ ಒಂದು ದಿನ ಬೊಂಬೆಗೆ ಅಂಗಿ ಮಾಡಲು ಅದರ ತೋಳನ್ನು ಕತ್ತರಿಸಿಬಿಟ್ಟರಂತೆ. ತುಂಬು ಬಸುರಿ ತಾಯಿ ಅದನ್ನು ಎತ್ತಿ ನೋಡಿದರು, ಮಡಚಿ ಪೆಟ್ಟಿಗೆಯಲ್ಲಿಟ್ಟರು. ಬೈಯಲಿಲ್ಲ. ಹೊಡೆಯಲಿಲ್ಲ. ಹೋಗಲಿ ಬಿಡು ಅಂತಲೂ ಹೇಳಲಿಲ್ಲ. ತಿಂಗಳೊಳಗೆ ಹೋಗಿಯೇಬಿಟ್ಟರು. ಎಪ್ಪತ್ತೇಳು ವರ್ಷದಿಂದ ಅತ್ತಿಗೆ ಆ ಒಂದು ಮಾತಿಗೆ ಕಾಯುತ್ತಿದ್ದಾರೆ.

ನಮ್ಮಲ್ಲಿ ಮದುವೆಗೆ ಮೊದಲು ಮನೆಯ ಗತಿಸಿದವರಿಗೆ ಬಡಿಸುವ ಕ್ರಮ ಉಂಟು. ಮುಸ್ಸಂಜೆಗೆ ಒಳಕೋಣೆಯಲ್ಲಿ ದೀಪ ಹಚ್ಚಿ, ಎಲೆ ಹಾಕಿ, ಕೋಳಿ ಸಾರು, ಬಂಗುಡೆ ಎಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಬಾಗಿಲೆಳೆದು ಹೊರಗೆ ಬರುವುದು. ಬಡಿಸುವಾಗ ಯಾರೂ ಮಾತಾಡಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುವುದು. ಇಡುವ ಬಟ್ಟೆಗೆ ಒಂದೇ ನಿಯಮ: ಬದುಕಿರುವವರು ಯಾರೂ ಅದನ್ನು ಮೈಗೆ ಹಾಕಿರಬಾರದು.

ಈ ಸಲ ಆ ಕುರ್ಚಿಯ ಮೇಲೆ ಅಂಥದೇ ಜಾಕೀಟು ಇಡಬೇಕು. ಮುಂದಿನ ಮದುವೆಯ ತನಕ ತಾನಿರುತ್ತೇನೆಂದು ಏನು ಗ್ಯಾರಂಟಿ ಎಂದು ಅತ್ತಿಗೆ ಕೇಳಿದರು. ನಾನು ಅವರ ಕೈಹಿಡಿದು, "ಲೀವ್ ಇಟ್ ಟು ಮಿ," ಎಂದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಬಂದಿದ್ದರೆ ಆಗಲೇ ಟೈಲರನ ಹತ್ತಿರ ಹೋಗುತ್ತಿದ್ದರು.

ರಶ್ಮಿ ತನ್ನ ಫೋನಿನಲ್ಲಿ ಹುಡುಕಿ, ನೂರು ವರ್ಷದ ಹಿಂದಿನ ಇಂಗ್ಲಿಷ್ ಹೆಂಗಸರ ಬ್ಲೌಸಿನ ಪ್ಯಾಟರ್ನ್ ಒಂದನ್ನು ತೆಗೆದುಕೊಟ್ಟಳು. ಡಿಟ್ಟೋ ಅತ್ತೆಯ ಜಾಕೀಟು. ಹಿಂದುಗಡೆ ಹುಕ್ಕು. ಅದರಲ್ಲಿ ನಾಲ್ಕೈದು ಅಳತೆಗಳಿದ್ದವು. ಅತ್ತೆಯ ಅಳತೆ ಯಾರಿಗೂ ಗೊತ್ತಿಲ್ಲ, ಆದ್ದರಿಂದ ನನ್ನ ಅಳತೆಯದನ್ನೇ ಆರಿಸಿದೆ. ದೊಡ್ಡದಾದರೆ ಗತಿಸಿದವರು ಕಂಪ್ಲೇಂಟ್ ಕೊಡುತ್ತಾರೆಯೆ? ಪೇಟೆಯ ಜೆರಾಕ್ಸ್ ಅಂಗಡಿಯವಳು, ಹಾಳೆಯಲ್ಲಿ ಅಂಚು ಹಿಡಿಸುವುದಿಲ್ಲ, ಒಂಚೂರು ಸಣ್ಣ ಮಾಡಿ ತೆಗೆಯಲೇ ಎಂದು ಕೇಳಿದಳು. ನಾನು ಗಂಭೀರವಾಗಿ, "ಯೆಸ್, ಪ್ಲೀಸ್," ಎಂದೆ. ಮನೆಗೆ ಬರುವಷ್ಟರಲ್ಲಿ ಮರೆತೂಬಿಟ್ಟೆ.

ಮೂವತ್ತಾರು ಹಾಳೆಗಳನ್ನು ಅನ್ನದ ಗಂಜಿಯಲ್ಲಿ ಅಂಟಿಸಿ, ಕತ್ತರಿಸಿ, ಒಣಗಲೆಂದು ಹಾಲ್‌ನ ನೆಲದ ಮೇಲೆ ಹರಡಿದೆ. ಎದೆ ಒಂದು ಕಡೆ, ಬೆನ್ನು ಒಂದು ಕಡೆ, ತೋಳು, ಕಾಲರು. ದೂರ ನಿಂತು ನೋಡಿದರೆ ಕಾಗದದ ಹೆಂಗಸೊಬ್ಬಳು ಅಂಗಾತ ಮಲಗಿದ ಹಾಗಿತ್ತು. ಮಧ್ಯಾಹ್ನ ನಮ್ಮವರು ಬಂದು ಫ್ಯಾನ್ ಹಾಕಿದರು. ಕಾಗದದ ಎದೆ ಮೆಲ್ಲಗೆ ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. ಇವರು ಒಂದು ನಿಮಿಷ ನೋಡಿ, ಫ್ಯಾನ್ ಆಫ್ ಮಾಡಿದರು. ಆದರೂ ಅದು ಇನ್ನೊಂದು ಸಲ ಉಸಿರೆಳೆದ ಹಾಗೆ ನನಗೆ ಕಂಡಿತು. ಇವರು ಊಟವನ್ನು ಜಗಲಿಯಲ್ಲೇ ಮಾಡಿದರು.

ಮುಂದಿನದ್ದು ಕತ್ತರಿಯ ಕೆಲಸ. ಇಲ್ಲಿ ಕಾನ್ವೆಂಟಿನ ಮಾನ ಕಳೆದೆ. ಎರಡೂ ತೋಳನ್ನು ಎಡಗೈಗೇ ಕತ್ತರಿಸಿದೆ! ಹೊಲಿದು ಮುಗಿದ ಮೇಲೆ ನೋಡುತ್ತೇನೆ, ಎರಡು ಎಡಗೈಯ ಒಬ್ಬ ಹೆಂಗಸು. ಬಟ್ಟೆ ಮುಗಿದಿತ್ತು. ಚಿಂದಿಗಳನ್ನು ಜೋಡಿಸಿ ಹೇಗೋ ಒಂದು ಬಲತೋಳು ಮಾಡಿದೆ. ಅದು ಇನ್ನೂ ಬಿಗಿಯಾಯಿತು.

ಕಡೆಗೆ ಜಾಕೀಟು ತಯಾರಾಯಿತು. ಎತ್ತಿ ಹಿಡಿದು ನೋಡಿದೆ. ನನ್ನ ಅಳತೆಗೆ ಕತ್ತರಿಸಿದ ಬಟ್ಟೆ ಇಷ್ಟು ಸಪೂರ ಹೇಗಾಯಿತು? ಟೇಪು ಹಿಡಿದೆ. ನನ್ನ ನಲವತ್ತು ಇಂಚು ಮೂವತ್ತಾರಾಗಿತ್ತು. ತೋಳೂ ಗಿಡ್ಡ. ಇವರನ್ನು ಕರೆದೆ. ಜೀವಮಾನವಿಡೀ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರಾಗಿದ್ದವರು, ಅಳತೆ ಎಂದರೆ ಉತ್ಸಾಹ. ಫೋಟೋದಲ್ಲಿ ಕುರ್ಚಿಯ ಕೈಹಿಡಿಯನ್ನೂ ಜಾಕೀಟಿನ ತೋಳನ್ನೂ ಸ್ಕೇಲಿಟ್ಟು ಅಳೆದರು, ನಿಜವಾದ ಕುರ್ಚಿಯನ್ನು ಅಳೆದರು, ಗುಣಿಸಿ ಭಾಗಿಸಿ ತಮ್ಮ ತಾಯಿಯ ತೋಳಿನ ಉದ್ದ ಕಂಡುಹಿಡಿದರು. ಆಮೇಲೆ ಜಾಕೀಟಿನ ತೋಳಿಗೆ ಟೇಪಿಟ್ಟರು. ಕೂದಲೆಳೆಯ ವ್ಯತ್ಯಾಸ ಇರಲಿಲ್ಲ.

ಇವರು ಟೇಪನ್ನು ಸುತ್ತಿ ನನ್ನ ಕೈಗೆ ಕೊಟ್ಟು, "ನೀ ಹೊಲ್ದದ್ದ್ ಹೌದಾ?" ಎಂದು ಕೇಳಿದರು. ಉತ್ತರಕ್ಕೆ ಕಾಯದೆ ಹೋದರು.

ಬಡಿಸುವ ದಿನ ಬಂತು. ಮಗ ಸೊಸೆ ರಶ್ಮಿ ಮೂವರೂ ಬ್ರಹ್ಮಾವರದ ಕಡೆ ಮದುವೆ ಕಾಗದ ಕೊಡಲು ಹೋಗಿ ಇನ್ನೂ ಬಂದಿರಲಿಲ್ಲ. ಅತ್ತಿಗೆ ಒಲೆಯ ಹತ್ತಿರ, ಇವರು ಜಗಲಿಯಲ್ಲಿ. ದೀಪ ಹಚ್ಚಿಟ್ಟ ಒಳಕೋಣೆಗೆ ಜಾಕೀಟು ಹಿಡಿದುಕೊಂಡು ನಾನು ಹೋದೆ. ಕುರ್ಚಿಯ ಮೇಲಿಟ್ಟು ಬರುವುದಷ್ಟೇ ನನ್ನ ಕೆಲಸ. ಆದರೆ ಅಲ್ಲೇ ಕಪಾಟಿನ ನಿಲುಗನ್ನಡಿ ಇತ್ತು. ಮೈಗೆ ಹಾಕಿ ನೋಡದ ಬಟ್ಟೆ ಮುಗಿದ ಬಟ್ಟೆಯಲ್ಲ ಎಂದು ಸಿಸ್ಟರ್ ಹೇಳುತ್ತಿದ್ದರು. ಚಿಂದಿಯಿಂದ ಮಾಡಿದ ಆ ಬಲತೋಳು ಕೈಮೇಲೆ ಹೇಗೆ ಕೂರುತ್ತದೆ? ಜಸ್ಟ್ ಒನ್ ಮಿನಿಟ್. ಯಾರಿಗೆ ಗೊತ್ತಾಗುತ್ತದೆ?

ರವಿಕೆ ಬಿಚ್ಚಿಟ್ಟು, ಕೈಗೆ ಪೌಡರ್ ಹಚ್ಚಿಕೊಂಡು, ಎರಡೂ ತೋಳನ್ನು ತೂರಿಸಿದೆ. ಹೋಗುವಾಗ ಹೋಯಿತು. ಬರುವಾಗ ಬರಲಿಲ್ಲ! ಮೊಣಕೈ ಮಡಚುವುದಿಲ್ಲ, ಒಂದು ಕೈ ಇನ್ನೊಂದು ಕೈಯನ್ನು ಮುಟ್ಟುವುದಿಲ್ಲ. ಮುಂದಿನಿಂದ ನೋಡಿದರೆ ಗ್ರ್ಯಾಂಡ್ ಲೇಡಿ, ಹಿಂದಿನಿಂದ ಆಪರೇಶನ್‌ಗೆ ಹೊರಟ ಪೇಶೆಂಟ್. ಎಳೆದಾಡಿ ದಣಿದು ಕುರ್ಚಿಯಲ್ಲಿ ಕುಸಿದೆ. ಕೈಗಳನ್ನು ಎಲ್ಲಿಡುವುದು? ಆ ತೋಳಿನಲ್ಲಿ ಇಡಲು ಬರುವುದು ಒಂದೇ ಜಾಗ. ಕುರ್ಚಿಯ ಕೈಹಿಡಿಗಳ ಮೇಲೆ, ನೀಟಾಗಿ ಚಾಚಿ.

ಕನ್ನಡಿ ನೋಡಿದೆ. ಗೋಡೆಯ ಮೇಲಿನ ಅತ್ತೆಯ ಫೋಟೋ ನೋಡಿದೆ. ಮತ್ತೆ ಕನ್ನಡಿ ನೋಡಲು ಧೈರ್ಯ ಬರಲಿಲ್ಲ.

ಹೊರಗಿನಿಂದ ಅತ್ತಿಗೆ, ಜಾಕೀಟು ಇಟ್ಟೆಯಾ ಎಂದು ಕೇಳಿದರು. ಗಾಬರಿಯಲ್ಲಿ ಇಟ್ಟೆ ಎಂದೆ. ಅಷ್ಟಕ್ಕೆ ಅವರು ಮಾತು ನಿಲ್ಲಿಸಿದರು, ಬಡಿಸುವ ಹೊತ್ತಾಗಿತ್ತು. ಎಲೆ ಹಿಡಿದು, ಗೋಡೆ ತಡವುತ್ತ ಒಳಗೆ ಬಂದರು. ಕುರ್ಚಿಯ ಮುಂದೆ ಎಲೆ ಹಾಕಿದರು. ಅನ್ನ ಬಂತು, ಸಾರು ಬಂತು, ಬಂಗುಡೆ ಬಂತು. ಮೂರು ಸಲ ಹೋಗಿ ಬಂದರು. ನಾನು ಉಸಿರು ಬಿಗಿಹಿಡಿದೆ. ಪೊರೆ ಬಂದ ಕಣ್ಣು, ಕುರ್ಚಿಯ ಮೇಲೆ ಬರೀ ಬಟ್ಟೆ ಅಂದುಕೊಂಡು ಹೋಗಲಿ ದೇವರೇ ಎಂದು ಬೇಡಿಕೊಂಡೆ.

ಅತ್ತಿಗೆ ಹೋಗಲಿಲ್ಲ. ಬಾಗಿಲನ್ನು ಒಳಗಿನಿಂದಲೇ ಎಳೆದುಕೊಂಡು, ನನ್ನ ಕಾಲಬುಡದಲ್ಲಿ ಕೂತರು. ದೀಪ ಅಲುಗುತ್ತಿರಲಿಲ್ಲ. ಕೋಡಿಯ ಕಡಲಿನ ಸದ್ದು ಅಷ್ಟು ದೂರದಿಂದ ಕೇಳುತ್ತಿತ್ತು, ಬೇರೆ ಯಾವತ್ತೂ ನನಗೆ ಅದು ಆ ಕೋಣೆಯಲ್ಲಿ ಕೇಳಿದ್ದಿಲ್ಲ. ಅವರು ಲೇಸಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಲೇಸಿನ ಒಳಗಿದ್ದ ನನ್ನ ಕೈಯನ್ನೂ ಮುಟ್ಟಿದರು. ಬೆಚ್ಚಲಿಲ್ಲ.

"ಸಮ ಆಯ್ತಾ ಅಬ್ಬಿ?" ಎಂದರು. "ನಾನ್ ಸಣ್ಣವಳ್. ನಂಗ್ ಗೊತ್ತಾಯ್ಲಿಲ್ಲೆ. ನೀ ಒಂದ್ ಮಾತ್ ಬೈದಿರೆ ಆತಿತ್ತಲೆ."

ಸತ್ಯ ಹೇಳಲೆಂದು ನಾನು ಬಾಯಿ ತೆರೆಯಬೇಕಿತ್ತು. ನಾನಿದು, ನಿಮ್ಮ ತಮ್ಮನ ಹೆಂಡತಿ, ಪೆದ್ದಿ ಎಂದು ಹೇಳಿಬಿಟ್ಟರೆ ಮುಗಿಯಿತು. ಆದರೆ ಹಾಗೆ ಹೇಳಿದರೆ ಎಪ್ಪತ್ತೇಳು ವರ್ಷ ಕಾದ ಈ ಮುದುಕಿಗೆ ಏನು ಉಳಿಯುತ್ತದೆ? ಹೇಳದಿದ್ದರೆ ನಾನು ಸತ್ತವರ ಬಟ್ಟೆಯಲ್ಲಿ ಸತ್ತವರ ಜಾಗದಲ್ಲಿ ಕೂತ ಮೋಸಗಾತಿ. ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಅತ್ತಿಗೆ ನನ್ನ ಮೊಣಕಾಲಿಗೆ ಹಣೆ ಹಚ್ಚಿ ಅಳುತ್ತಿದ್ದರು. ಎಷ್ಟು ಹೊತ್ತು ಕೂತೆವೋ.

ಆಗ ನನ್ನ ಬಲಗೈ ಎದ್ದಿತು. ನಾನು ಎತ್ತಿದೆನೋ, ಅದು ತಾನೇ ಎದ್ದಿತೋ, ಪ್ರಮಾಣ ಮಾಡಿ ಹೇಳಲಾರೆ. ಅಷ್ಟು ಹೊತ್ತು ಮಡಚದ ಕೈ ಮಡಚಿ ಅವರ ತಲೆಯ ಮೇಲೆ ಕೂತಿತು. ಪರ್ರನೆ ಹೆಗಲ ಹೊಲಿಗೆ ಬಿಟ್ಟುಹೋಯಿತು.

ಅತ್ತಿಗೆ ತಲೆಯೆತ್ತಿದರು. ಏನನ್ನೋ ಆಲಿಸುವವರಂತೆ ಕಿವಿ ಒಡ್ಡಿದರು. ಸೆರಗಿನಿಂದ ಮುಖ ಒರೆಸಿಕೊಂಡರು, ನಕ್ಕರು, ಎದ್ದು ಹೊರಗೆ ಹೋಗಿ ಬಾಗಿಲೆಳೆದರು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದು. ಬಂದವರು ನಮ್ಮವರು. ಕುರ್ಚಿಯ ಕಡೆ ನೋಡಿದವರೇ ನೆಲಕ್ಕೆ ಅಡ್ಡಬಿದ್ದು ನಮಸ್ಕಾರ ಹಾಕಿದರು. ಮದುವೆಯಾದ ನಲವತ್ತೆಂಟು ವರ್ಷದಲ್ಲಿ ನನಗೆ ಸಿಕ್ಕ ಏಕೈಕ ನಮಸ್ಕಾರ! ಅದೂ ನನಗಲ್ಲ. ನನ್ನ ಮೂಗಿನ ಮೇಲಿನ ಕನ್ನಡಕ ಕಂಡ ಮೇಲೆ ನಿಧಾನವಾಗಿ ಎದ್ದು ಮೊಣಕಾಲು ಒರೆಸಿಕೊಂಡು, ತೋಳು ಹಿಡಿದು ಎಳೆದರು. ಮೀನು ಬಲೆಯಿಂದ ಬಿಡಿಸಿದ ಹಾಗೆ ನನ್ನನ್ನು ಬಿಡಿಸಿದರು. ಜಾಕೀಟನ್ನು ಹರಿದ ಭಾಗ ಅಡಿಗೆ ಬರುವಂತೆ ಮಡಚಿ ಕುರ್ಚಿಯ ಮೇಲಿಟ್ಟು ಬಂದೆವು. ಆ ರಾತ್ರಿ ಅತ್ತಿಗೆ ಎರಡು ಬಂಗುಡೆ ತಿಂದರು.

ಮದುವೆ ಚೆನ್ನಾಗಿ ಆಯಿತು. ಮರುದಿನ ಜೆರಾಕ್ಸ್ ಅಂಗಡಿಯ ಮಾತು ಇದ್ದಕ್ಕಿದ್ದಂತೆ ನೆನಪಾಗಿ, ಹೋಗಿ ಕೇಳಿದೆ. ಹತ್ತರಲ್ಲಿ ಒಂದು ಪಾಲು ಸಣ್ಣ ಮಾಡಿ ತೆಗೆದಿದ್ದಳಂತೆ. ಸಣ್ಣ ಆದದ್ದಕ್ಕೆ ಕಾರಣ ಸಿಕ್ಕಿತು. ಸರಿಯಾಗಿ ಅತ್ತೆಯ ಅಳತೆಗೇ ಬಂದು ನಿಂತದ್ದಕ್ಕೆ ಕಾರಣ ಅವಳಲ್ಲಿರಲಿಲ್ಲ.

ಮನಸ್ಸು ತಡೆಯದೆ ಅಂದೇ ಸಂಜೆ ಅತ್ತಿಗೆಯ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಬಟ್ಟೆಯನ್ನು ಮೊದಲು ಮೈಗೆ ಹಾಕಿದ್ದು ನಾನು, ಕುರ್ಚಿಯಲ್ಲಿದ್ದದ್ದು ನಾನು, ಕ್ಷಮಿಸಿ ಎಂದೆ. ಅವರು ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಲಿಲ್ಲ.

"ನೀನಂತ ಗೊತ್ತಿತ್ತ್ ಮಾರಾಯ್ತಿ. ಕಣ್ಣ್ ಕಾಣ್ದಿರೂ ಕೈ ಗುರ್ತ ಸಿಕ್ಕುದಿಲ್ಯಾ?" ಎಂದರು. "ಕೂಕಂಡದ್ದ್ ನೀನೇ. ಆದ್ರೆ 'ಹರದ್ರೆ ಹರೀಲಿ ಮಗಾ, ಅಡ್ಡಿಲ್ಲೆ' ಅಂತ ಹೇಳದ್ದ್ ನೀನಲ್ಲ. ಅದ್ ಅಬ್ಬಿ ಸ್ವರ."

ಅವರು ಎಲೆ ಹಿಡಿದು ಒಳಗೆ ಬಂದ ಮೇಲೆ ಆ ಕೋಣೆಯಲ್ಲಿ ನಾನು ಬಾಯಿ ತೆರೆದಿರಲಿಲ್ಲ. ತುಟಿ ಕೂಡ ಅಲುಗಿಸಿರಲಿಲ್ಲ. ಹೊಲಿಗೆ ಬಿಟ್ಟ ಸದ್ದಿನ ಹೊರತು ನನಗೆ ಯಾವ ಸ್ವರವೂ ಕೇಳಿರಲಿಲ್ಲ. ಒಳಗೆ ಹೋಗಿ ಇವರಿಗೆ ಹೇಳಿದೆ. ಮಗನಿಗೆ ಹೇಳಿದೆ, ಸೊಸೆಗೆ ಹೇಳಿದೆ, ಗಂಡನ ಮನೆಯಲ್ಲಿದ್ದ ರಶ್ಮಿಗೆ ಫೋನ್ ಮಾಡಿ ಹೇಳಿದೆ.

ತೀರಿಹೋದ ನನ್ನ ಅತ್ತೆ ಬಂದು ಮಗಳ ಹತ್ತಿರ ಮಾತಾಡಿ ಹೋದರೆಂಬುದನ್ನು ಎಲ್ಲರೂ ಕೂಡಲೇ ನಂಬಿದರು. ನಾನು ಅರ್ಧ ಗಂಟೆ ಬಾಯಿಮುಚ್ಚಿ ಕೂತಿದ್ದೆ ಎಂಬುದನ್ನು ಇವತ್ತಿನ ತನಕ ಒಬ್ಬರೂ ನಂಬಿಲ್ಲ.