ಮಾವನ ಊದುಗೊಳವೆ ಮತ್ತು ನನ್ನ ಹೊಟ್ಟೆ

ಲೋಕದಲ್ಲಿ ಜನ ಮುಖ ನೋಡಿ ಮಾತಾಡಿಸುತ್ತಾರೆ. ನನ್ನ ಮಾವ ಹೊಟ್ಟೆ ನೋಡಿ ಮಾತಾಡಿಸುತ್ತಾರೆ! "ಆರಾಮಾ?" ಎಂದು ನೀವು ಕೇಳಿದಿರೆನ್ನಿ, ಉತ್ತರ ಬರುವುದಿಲ್ಲ. "ಬೆಳಿಗ್ಗೆ ಹೊರಕಡೆ ಸಲೀಸಾಗಿ ಆತಾ?" ಎಂಬ ಮರುಪ್ರಶ್ನೆ ಬರುತ್ತದೆ. ಅದೂ ಎಲ್ಲೆಲ್ಲಿ? ಮದುವೆ ಮನೆಯಲ್ಲಿ, ಬಸ್ಸಿನಲ್ಲಿ. ಒಮ್ಮೆಯಂತೂ ಬ್ಯಾಂಕಿನ ಕ್ಯೂನಲ್ಲಿ, ನನ್ನ ಹಿಂದೆ ನಿಂತಿದ್ದ ಯಾರೋ ಅಪರಿಚಿತರನ್ನು ಕೇಳಿಬಿಟ್ಟರು. ಆ ಮನುಷ್ಯ ಪಾಪ, ವಿವರವಾಗಿ ಉತ್ತರವನ್ನೂ ಕೊಟ್ಟರು.

ಇವರು ನನಗೆ ಎರಡು ಸಲ ಮಾವ. ಮೊದಲು ಅವ್ವನ ತಮ್ಮನಾಗಿ, ಆಮೇಲೆ ಮಗಳನ್ನು ಕೊಟ್ಟು. ನನಗೆ ಎಂಟು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದವರೂ ಇವರೇ. ಹಿರಿಯೂರು ಸೀಮೆಯಲ್ಲಿ ನಲವತ್ತು ವರ್ಷ ಕುರಿ ಕಾಯ್ದವರು. ಕುರಿ ತನಗೇನಾಗಿದೆ ಎಂದು ಹೇಳುತ್ತದೆಯೇ? ಬೆಳಗಾದರೆ ಅದರ ಹಿಕ್ಕೆ ನೋಡಬೇಕು, ಪಕ್ಕೆ ಒತ್ತಬೇಕು, ಬಾಯಿ ಮೂಸಬೇಕು. ಮಂಡಿನೋವು ಶುರುವಾದ ಮೇಲೆ ಮಂದೆಯನ್ನು ತಮ್ಮನ ಮಕ್ಕಳಿಗೆ ಒಪ್ಪಿಸಿ ಚಿತ್ರದುರ್ಗದ ನಮ್ಮ ಮನೆಗೆ ಬಂದರು. ಮಂದೆಯನ್ನೇನೋ ಬಿಟ್ಟರು, ಅಭ್ಯಾಸ ಬಿಡಬೇಕಲ್ಲ! ಕೈಗೆ ಸಿಕ್ಕವನು ನಾನು.

ಹೋದ ವರ್ಷ ಡಾಕ್ಟರು ನನ್ನ ಸ್ಕ್ಯಾನಿಂಗ್ ನೋಡಿ, "ಲಿವರಿನಲ್ಲಿ ಕೊಬ್ಬು ಸೇರಿದೆ, ಬಾಯಿ ಕಟ್ಟಿ" ಎಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನ್ನ ಹೆಂಡತಿ ಅಷ್ಟಕ್ಕೆ ಸುಮ್ಮನಿರುತ್ತಾಳೆಯೇ? ಆನ್‌ಲೈನಿನಲ್ಲಿ ಒಂದು ಯಂತ್ರ ತರಿಸಿದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ತಿಂದು ಎರಡು ಗಂಟೆ ಬಿಟ್ಟು ಅದರ ಬಾಯಿಗೆ ಬಾಯಿಟ್ಟು ಊದಬೇಕು. ತಿಂದದ್ದು ಕರುಳಿನಲ್ಲಿ ಹುಳಿತು ಎಷ್ಟು ಗಾಳಿ ಎದ್ದಿದೆ ಎಂದು ಸೊನ್ನೆಯಿಂದ ಹತ್ತರವರೆಗಿನ ಒಂದು ನಂಬರು ಮೊಬೈಲಿನಲ್ಲಿ ಬೀಳುತ್ತದೆ. ಏನೇನು ತಿಂದೆವು ಎಂದು ಅದರಲ್ಲೇ ಬರೆಯುತ್ತ ಹೋದರೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ತಿಳಿದು ತಿನ್ನುವ ಬುದ್ಧಿ ಸುಧಾರಿಸುತ್ತದಂತೆ. ಹೆಂಡತಿಗೆ ಆ ಆಸೆ ಇತ್ತು. ನನಗೆ ಪೆಟ್ಟಿಗೆ ಬಿಚ್ಚಿದಾಗಲೇ ಭಯ ಹತ್ತಿತು.

ಮಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ಕೆಲ್ಲ ಮಿಶಿನ್ ಯಾಕವ್ವ? ಬಾಯಿ ಮೂಸಿದ್ರೆ ಗೊತ್ತಾಗಲ್ವಾ?"

"ಹಂಗಾದ್ರೆ ನೀನೇ ಹೇಳಪ್ಪ, ನೋಡಾಣ" ಎಂದಳು ಮಗಳು.

ಮಾವ ನನ್ನ ಗದ್ದ ಹಿಡಿದು, ಎರಡು ಬೆರಳಿನಿಂದ ದವಡೆ ಒತ್ತಿ ಬಾಯಿ ಅಗಲಿಸಿ, ಕಣ್ಣು ಮುಚ್ಚಿ ಮೂಸಿದರು. "ಅವರೆಕಾಳು. ಬೆಳ್ಳುಳ್ಳಿ. ಆರು" ಎಂದರು. ನಾನು ಊದಿದೆ. ಆರು! ಅವತ್ತಿನಿಂದ ಮಾವನಿಗೂ ಯಂತ್ರಕ್ಕೂ ಗಳಸ್ಯಕಂಠಸ್ಯ. ಒಲೆ ಊದುವ ಕೊಳವೆಯ ಹೆಸರನ್ನೇ ಅದಕ್ಕೂ ಕೊಟ್ಟು, "ಊದುಗೊಳವೆ ತಗಂಬರ್ರಿ" ಎನ್ನುತ್ತ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನಮ್ಮನ್ನು ಸಾಲಾಗಿ ನಿಲ್ಲಿಸತೊಡಗಿದರು.

ಮೂರನೆಯ ದಿನ ಊಟಕ್ಕೆ ಕೂತರೆ ನನ್ನ ತಟ್ಟೆಯ ಅಂಚಿಗೆ ಕೆಂಪು ಉಗುರುಬಣ್ಣದ ಗೆರೆ!

"ಏನಿದು ಮಾವ?"

"ಸೀಕು ಕುರಿಗೆ ಬಣ್ಣ ಹಚ್ಚಲಿಲ್ಲ ಅಂದ್ರೆ ಮಂದ್ಯಾಗೆ ಗುರ್ತು ಸಿಗೋದೆಂಗೆ? ಕೆಂಪಿದ್ರೆ ಕಾಳಿಲ್ಲ, ಈರುಳ್ಳಿ ಇಲ್ಲ, ಎಣ್ಣೇಲಿ ಕರಿದಿದ್ದು ಇಲ್ವೇ ಇಲ್ಲ."

"ಇರೋದೇ ಮೂರು ಜನ ಮಾವ, ಗುರ್ತು ಸಿಗಲ್ವಾ?"

"ಮೂರಾದ್ರೂ ಮಂದೆ ಮಂದೇನೆ. ಉಣ್ಣು ಸುಮ್ಕೆ."

ಹೆಂಡತಿಯ ತಟ್ಟೆಗೆ ಹಸಿರು ಗೆರೆ ಬಿದ್ದಿತ್ತು. ಹಸಿರು ಉಗುರುಬಣ್ಣ ಯಾವ ಹೆಂಗಸು ಇಟ್ಟುಕೊಂಡಿರುತ್ತಾಳೆ ಹೇಳಿ! ತಂದೆ ಮಗಳು ಸೇರಿ ಮೊದಲೇ ಅಂಗಡಿಗೆ ಹೋಗಿಬಂದಿದ್ದರು ಎಂದು ನನ್ನ ಗುಮಾನಿ.

ನಾನು ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಗುಮಾಸ್ತ. ನಮ್ಮ ಪ್ರಿನ್ಸಿಪಾಲರು ಮಗಳ ಮದುವೆಗೆ ಕರೆಯಲು ಮನೆಗೆ ಬಂದರು. ಒಳಗಿನಿಂದ ಕಾಫಿ ಬರುವ ಮೊದಲೇ ಮಾವ ಬಂದರು. "ಬರ್ರಿ, ಕುಂತ್ಕಳ್ರಿ. ಒಂದ್ಸಲ ಇದನ್ನ ಊದ್ರಿ" ಎಂದು ಕೈಗಿಟ್ಟರು. ಪ್ರಿನ್ಸಿಪಾಲರು ಅದೇನೋ ಮನೆಯ ಶಾಸ್ತ್ರವಿರಬೇಕೆಂದು ಊದಿಯೇಬಿಟ್ಟರು! ಎಂಟು ಬಂತು. "ಸಾಹೇಬ್ರೆ, ನಿಮ್ಗೆ ಕಾಫಿ ಬ್ಯಾಡ, ಜೀರಿಗೆ ನೀರು ಕೊಡ್ತೀವಿ" ಎಂದರು ಮಾವ. ನನ್ನ ಕೆಲಸ ಹೋಯಿತೆಂದೇ ತಿಳಿದೆ. ಮಾರನೆಯ ದಿನ ಪ್ರಿನ್ಸಿಪಾಲರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. "ಎಂಟು ಅಂದ್ರೆ ಬಹಳ ಜಾಸ್ತೀನಾ?" ಎಂದು ಪಿಸುಗುಟ್ಟಿದರು.

ನಗುವುದಿದ್ದರೆ ಇಲ್ಲಿಗೇ ನಕ್ಕುಬಿಡಿ. ಮುಂದಿನದು ನನ್ನ ಮರ್ಯಾದೆಯ ವಿಷಯ.

ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಪಕ್ಕ ಒಂದು ಮಂಡಕ್ಕಿ ಅಂಗಡಿ ಇದೆ. ಸಂಜೆ ಐದಕ್ಕೆ ಅಲ್ಲಿ ಮಿರ್ಚಿ ಬಜ್ಜಿ ಎಣ್ಣೆಗೆ ಬೀಳುತ್ತದೆ. ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು, ಮಜ್ಜಿಗೆ ಬಿಟ್ಟರೆ ಇನ್ನೇನೂ ಕಾಣದವನು ಏನು ಮಾಡಬೇಕು? ಇವತ್ತೊಂದು ದಿನ ಎಂದು ನಾಲ್ಕು ಮಿರ್ಚಿ, ಒಂದು ಪ್ಲೇಟು ಖಾರ ಮಂಡಕ್ಕಿ ತಿಂದೆ. ಮನೆಗೆ ಬಂದು ಊದಿದರೆ ಒಂಬತ್ತು! ಮಾವ ಮೂಗು ಹತ್ತಿರ ತಂದು, "ಕಡ್ಲೆಹಿಟ್ಟು" ಎಂದರು.

"ಇಲ್ಲ ಮಾವ."

"ಲೇ, ಕಡ್ಲೆಹಿಟ್ಟು ಐತೆ."

"ಇಲ್ಲ ಮಾವ. ಅವ್ವನಾಣೆ."

ಯಾಕೆ ಹಾಗೆಂದೆನೋ! ಬಾಯಿ ತಪ್ಪಿ ಬಂದುಬಿಟ್ಟಿತು. ಮಾವ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಎಂದೂ ಅವರು ನನ್ನ ಬಾಯಿ ಮೂಸಲಿಲ್ಲ. ಅವರ ಮೂಗಿಗಿಂತ ನನ್ನ ಆಣೆಯೇ ಅವರಿಗೆ ದೊಡ್ಡದಾಯಿತು.

ಒಮ್ಮೆ ಆಣೆ ಇಟ್ಟ ಮೇಲೆ ಹಿಂದಕ್ಕೆ ಬರುವುದು ಹೇಗೆ? ಏನೂ ತಿನ್ನದವನ ಹೊಟ್ಟೆಯಲ್ಲಿ ಒಂಬತ್ತು ಬರುತ್ತಿದೆ ಎಂದರೆ ರೋಗವೇ ಇರಬೇಕೆಂದು ಮಾವ ನಂಬಿದರು. ಮೊದಲು ನನ್ನ ಊಟದಿಂದ ಸೊಪ್ಪು ಹೋಯಿತು, ಆಮೇಲೆ ಮಜ್ಜಿಗೆ, ಆಮೇಲೆ ಮುದ್ದೆಯೂ ಹೋಗಿ ಕೊನೆಗೆ ಅನ್ನದ ಗಂಜಿ ಒಂದು ಉಳಿಯಿತು. ಗಂಜಿ ಕುಡಿದ ಹೊಟ್ಟೆ ಸಂಜೆ ಐದಕ್ಕೆ ಎಲ್ಲಿಗೆ ಎಳೆಯುತ್ತದೆ, ನೀವೇ ಹೇಳಿ! ಮಿರ್ಚಿ ನಾಲ್ಕಿದ್ದದ್ದು ಆರಾಯಿತು. ನಂಬರು ಇಳಿಯಲೆಂದು ಬಸ್ಸಿನಲ್ಲೇ ಸೋಂಪು ಅಗಿಯುತ್ತಿದ್ದೆ, ಇಳಿದು ಒಂದು ಬಾಟಲಿ ನೀರು ಕುಡಿಯುತ್ತಿದ್ದೆ. ಯಂತ್ರ ಅದಕ್ಕೆಲ್ಲ ಸೊಪ್ಪು ಹಾಕಲಿಲ್ಲ. ಒಂಬತ್ತು, ಒಂಬತ್ತು, ಒಂದು ದಿನ ಹತ್ತು.

ಬೆಳಿಗ್ಗೆ ನನ್ನನ್ನು ಚಂದ್ರವಳ್ಳಿಯ ಕಡೆ ವಾಕಿಂಗಿಗೆ ಕರೆದುಕೊಂಡು ಹೋಗುತ್ತಿದ್ದ ಮಾವ ದಾರಿಯುದ್ದಕ್ಕೂ ಮಾತಾಡುವವರು ಮಾತು ನಿಲ್ಲಿಸಿದರು. ಎದುರಿಗೆ ಬಂದವರ ಹೊಟ್ಟೆಯನ್ನೂ ವಿಚಾರಿಸುತ್ತಿರಲಿಲ್ಲ. ಅದನ್ನು ಕಂಡು ನನಗೆ ನಿಜಕ್ಕೂ ದಿಗಿಲಾಯಿತು. ಆದರೂ ಅವತ್ತು ಸಂಜೆ ಮತ್ತೆ ಮಿರ್ಚಿ ತಿಂದೆ. ದಿಗಿಲಿಗೂ ಹಸಿವಾಗುತ್ತದೆ!

ಮುಂದಿನ ಭಾನುವಾರ ಮಧ್ಯಾಹ್ನ ಹೆಂಡತಿ ಅಡುಗೆಮನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಅವಳ ಕಣ್ಣು ಕೆಂಪಾಗಿತ್ತು.

"ಅಪ್ಪ ಮೂರು ದಿನದಿಂದ ಒಂದು ತುತ್ತು ಉಂಡಿಲ್ಲ ಕಣ್ರಿ. ನಿಮ್ಮೆದುರಿಗೆ ಆಮೇಲೆ ಉಣ್ತೀನಿ ಅಂತಾನೆ, ಬರೀ ಟೀ ಕುಡ್ಕಂಡು ಅವನೆ."

"ಯಾಕೆ?"

"ನಿಮಗೆ ಗೊತ್ತಿಲ್ವಾ? ಮಂದ್ಯಾಗೆ ಒಂದು ಕುರಿ ಮೇವು ಬಿಟ್ರೆ, ಅದು ತಿರುಗಿ ಮೆಲುಕು ಹಾಕೋವರೆಗೂ ಅಪ್ಪ ಬುತ್ತಿ ಬಿಚ್ತಿರಲಿಲ್ಲ. ನಾನು ಎಷ್ಟು ಸಲ ಬುತ್ತಿ ವಾಪಸ್ ತಂದೀನಿ!"

ನನಗೆ ಹೇಗೆ ಗೊತ್ತಿರಬೇಕು? ನಾನು ಹಾಸ್ಟೆಲಿನಲ್ಲಿ ಓದಿದವನು. ಮಂದೆಯ ಹಿಂದೆ ಬುತ್ತಿ ಹೊತ್ತು ತಿರುಗಿದವಳು ಅವಳು.

ಹೊರಗೆ ಬಂದೆ. ಮಾವ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಒಂದು ಕೈಚೀಲ. ಅದರಲ್ಲಿ ನನ್ನ ಸ್ಕ್ಯಾನಿಂಗ್ ಕಾಗದ, ನನ್ನ ಎರಡು ಜೊತೆ ಬಟ್ಟೆ.

"ನಾಳೆ ಬೆಳಿಗ್ಗೆ ದಾವಣಗೆರೆಗೆ ಹೋಗಾಣ. ದೊಡ್ಡ ಆಸ್ಪತ್ರೆ ಐತೆ. ಒಳಗೆ ನಳಿಗೆ ಬಿಟ್ಟು ನೋಡ್ತಾರಂತೆ."

"ಮಾವ, ಅಷ್ಟೆಲ್ಲ ಏನೂ..."

"ಸುಮ್ಕಿರಪ್ಪ." ಅವರ ದನಿ ಎಂದಿನಂತಿರಲಿಲ್ಲ. "ನಿಮ್ಮವ್ವನೂ ಹಿಂಗೇ ಹೊಟ್ಟೆ ಹೊಟ್ಟೆ ಅಂತಿದ್ಲು. ಓಮಿನಕಾಳು ಅಗಿ ಅಕ್ಕ, ಸರಿಹೋಗ್ತೈತೆ ಅಂದು ಮಂದೆ ಹೊಡ್ಕಂಡು ಹೋದೆ. ಎರಡು ತಿಂಗಳು ಬಿಟ್ಟು ಬಂದ್ರೆ ಅಕ್ಕನೇ ಇರಲಿಲ್ಲ. ಊರ ಕುರಿ ಹೊಟ್ಟೆ ಎಲ್ಲ ನೋಡಿದೋನು, ಅವಳ ಹೊಟ್ಟೆ ನೋಡ್ಲಿಲ್ಲ ನಾನು."

ಅವ್ವ ಹೇಗೆ ಹೋದಳು ಎಂದು ನನಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ಆ ಅವ್ವನ ಹೆಸರಿನಲ್ಲಿ, ಈ ಮನುಷ್ಯನ ಮುಂದೆ, ಮಿರ್ಚಿಗಾಗಿ ಆಣೆ ಇಟ್ಟಿದ್ದೆ.

"ಮಾವ, ನಾನು ಮಿರ್ಚಿ ತಿಂದೆ."

"ಯಾವತ್ತು?"

"ದಿನಾ."

"ದಿನಾನಾ?"

"ದಿನಾ. ಆರು. ಮಂಡಕ್ಕಿ ಬೇರೆ. ಆಣೆ ಇಟ್ಟಿದ್ದು ಸುಳ್ಳು ಮಾವ."

ಕೆನ್ನೆಗೆ ಬೀಳುತ್ತದೆ ಎಂದು ಕಾದೆ. ಬೀಳಲಿ ಎಂದೇ ಕಾದೆ. ಮಾವ ನನ್ನ ಎರಡೂ ಕೈ ಹಿಡಿದುಕೊಂಡರು.

"ಬರೇ ಮಿರ್ಚಿನಾ? ಬ್ಯಾರೆ ಏನೂ ಇಲ್ವಾ?"

"ಇಲ್ಲ ಮಾವ."

"ನೋವು?"

"ಇಲ್ಲ."

"ಏನೂ ಆಗಿಲ್ಲ ಹಂಗಾದ್ರೆ ನಿಂಗೆ?"

"ಏನೂ ಆಗಿಲ್ಲ."

ಹೆಗಲ ಮೇಲಿನ ಟವಲು ತೆಗೆದು ಮುಖಕ್ಕೆ ಒತ್ತಿಕೊಂಡರು. ಭುಜ ಅಲುಗುತ್ತಿತ್ತು. ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ಟವಲು ಇಳಿಸಿದಾಗ ಎರಡೂ ಇತ್ತು. ಬೈಗುಳ ಒಂದೂ ಬರಲಿಲ್ಲ. ಒಳಗಿನ ಕಡೆ ತಿರುಗಿ, "ಲೇ ತಾಯಿ, ಮುದ್ದೆ ಮಾಡು. ಹಸಿವಾಗ್ತೈತೆ" ಎಂದು ಕೂಗಿದರು.

ಅವಳು ಮಾಡಿದಳು, ನಾನು ಬಡಿಸಿದೆ. ಮಾವ ತಲೆ ಎತ್ತದೆ ಮೊದಲ ಮುದ್ದೆ ಮುಗಿಸಿದರು, ಎರಡನೆಯದಕ್ಕೆ ಕೈ ಚಾಚಿದರು. "ಸಾರು ಬಿಡಪ್ಪ" ಎಂದರು. ಬಗ್ಗಿದೆ. ಕಣ್ಣು ತುಂಬಿ ತಟ್ಟೆ ಎಲ್ಲಿದೆ ಎಂದೇ ಕಾಣಲಿಲ್ಲ. ಮಾವ ಎಡಗೈಯಿಂದ ನನ್ನ ಸೌಟನ್ನು ಹಿಡಿದು ತಟ್ಟೆಯ ಮೇಲಕ್ಕೆ ತಂದುಕೊಂಡರು.