ಎದುರು ಪಕ್ಷದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಜೊತೆ ಜಗಳಕ್ಕೆ ಹೊರಟವರಿಗೆ ಒಂದು ಸಿಹಿ ಸುದ್ದಿ: ನೀವು ಬಾಯಿ ತೆರೆಯುವ ಅಗತ್ಯವೇ ಇಲ್ಲ. ನಿಮ್ಮ ಪರವಾಗಿ ಅವರೇ ವಾದಿಸುತ್ತಾರೆ, ಅವರೇ ಸೋಲುತ್ತಾರೆ, ಮೇಲೆ ನಿಮಗೆ ಕಾಫಿಯನ್ನೂ ಕುಡಿಸುತ್ತಾರೆ!

ಚಿಕ್ಕಪ್ಪ ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ನಮ್ಮ ಹಳೆಯ ದಾರ್ಶನಿಕರಲ್ಲಿ ಒಂದು ಪದ್ಧತಿಯಿತ್ತು. ಎದುರಾಳಿಯ ಮಾತನ್ನು ಖಂಡಿಸುವ ಮೊದಲು, ಅವನೇ ತಲೆದೂಗುವಷ್ಟು ಚೆನ್ನಾಗಿ ಅದನ್ನು ನಾವೇ ಹೇಳಬೇಕು. ಇದು ಪೂರ್ವಪಕ್ಷ. ಉಳಿದ ಮೇಷ್ಟ್ರುಗಳು ಇದನ್ನು ಪಾಠ ಮಾಡಿ ಮನೆಗೆ ಹೋಗುತ್ತಾರೆ. ಚಿಕ್ಕಪ್ಪ ಸಂತೆಗೂ ಹೊತ್ತುಕೊಂಡು ಹೋದರು.

ರಾಮನಗರದ ರಸ್ತೆ ಬದಿಯಲ್ಲಿ ಮಾವಿನಹಣ್ಣಿನ ಚೌಕಾಸಿ. "ನೋಡಮ್ಮ, ಮೊದಲು ನಿನ್ನ ಕಡೆಯಿಂದ ಹೇಳ್ತೀನಿ. ಕೀಳೋ ಕೂಲಿ, ಆಟೋ ಬಾಡಿಗೆ, ಕೊಳೆತು ಹೋಗೋದು ಬೇರೆ..."

"ಅಯ್ಯೋ ಸಾ, ಕೊಳ್ತೋಗೋದ್ನ ನಾನು ಲೆಕ್ಕಕ್ಕೇ ಇಟ್ಕಂಡಿರ್ನಿಲ್ಲ!" ಎಂದು ಆಕೆ ಬೆಲೆ ಏರಿಸಿದಳು.

ಅಕ್ಕೂರಿನಲ್ಲಿ ಚಿಕ್ಕಪ್ಪನ ಹಿಪ್ಪುನೇರಳೆ ತೋಟಕ್ಕೆ ಪಕ್ಕದ ಹೊಲದವನ ಕುರಿಗಳು ನುಗ್ಗಿದಾಗ ಊರ ಹಿರಿಯರು ನ್ಯಾಯಕ್ಕೆ ಕೂತರು. ಕುರಿಯವನಿಗೆ ಮಾತೇ ಹೊರಡಲಿಲ್ಲ. ದೂರು ಕೊಟ್ಟಿದ್ದ ಚಿಕ್ಕಪ್ಪನೇ ಎದ್ದರು: "ಮೊದಲು ಇವನ ಕಷ್ಟ ಕೇಳಿ. ಕುರಿ ಹೋಗೋ ಓಣಿ ಒತ್ತಿ ಗಿಡ ನೆಟ್ಟೋರು ನಾವು. ಅವೇನು ಹಾರ್ಕೊಂಡು ಹೋಗ್ಬೇಕಾ?"

ಓಣಿ ಬಿಟ್ಟುಕೊಡಬೇಕೆಂದು ತೀರ್ಪಾಯಿತು. ಚಿಕ್ಕಮ್ಮ ಸಿಡಿದರು: "ದೂರು ಕೊಟ್ಟೋರೂ ನೀವೇ, ಅವನ ಲಾಯರೂ ನೀವೇ, ಸೋತೋರೂ ನೀವೇ! ನನ್ನ ರೇಷ್ಮೆ ಹುಳ ಏನ್ ತಿನ್ಬೇಕು, ನಿಮ್ಮ ತತ್ವವಾ?"

ಈ ವರ್ಷ ಮಾತ್ರ ನಗು ನಿಂತಿತು. ತತ್ವಶಾಸ್ತ್ರಕ್ಕೆ ಒಬ್ಬ ಹೊಸ ವಿದ್ಯಾರ್ಥಿಯೂ ಸೇರಿರಲಿಲ್ಲ. ದಾಖಲಾತಿಯ ಕೊನೆಯ ದಿನದೊಳಗೆ ಒಬ್ಬರಾದರೂ ಬಾರದಿದ್ದರೆ ವಿಭಾಗಕ್ಕೆ ಬೀಗ. ಅಧ್ಯಾಪಕರ ಸಭೆಯಲ್ಲಿ ಪ್ರಿನ್ಸಿಪಾಲರು ಚಿಕ್ಕಪ್ಪನ ಅಭಿಪ್ರಾಯ ಕೇಳಿದರು. ಕೇಳಬಾರದಿತ್ತು!

"ಮೊದಲು ಮುಚ್ಚಬೇಕು ಅನ್ನೋರ ವಾದ," ಎಂದು ಚಿಕ್ಕಪ್ಪ ಶುರು ಮಾಡಿದರು. "ಬಿಡದಿ ಫ್ಯಾಕ್ಟರಿಯವರು ಕೆಲಸ ಕೊಡುವಾಗ ಆತ್ಮ ಇದೆಯೋ ಇಲ್ಲವೋ ಅಂತ ಕೇಳ್ತಾರಾ?" ಅರ್ಧ ಗಂಟೆ. ಎಲ್ಲರೂ ಚಪ್ಪಾಳೆ ತಟ್ಟಿ ಎದ್ದರು. "ಇನ್ನೂ ನನ್ನ ಪಕ್ಷ ಬಾಕಿ ಇದೆ," ಎನ್ನುವಾಗ ಕೋಣೆಯಲ್ಲಿ ಖಾಲಿ ಕುರ್ಚಿಗಳಿದ್ದವು.

ಕೊನೆಯ ದಿನ ಅವರ ಪುಸ್ತಕಗಳನ್ನು ಕಾಲೇಜಿನಿಂದ ಮನೆಗೆ ಸಾಗಿಸಲು ನಾನು ಬೈಕಿನಲ್ಲಿ ಹೋಗಿದ್ದೆ. ಕಟ್ಟು ಬಿಗಿಯುತ್ತಿದ್ದಾಗ ಬಾಗಿಲಲ್ಲಿ ಆ ಕುರಿಯವನು. ಜೊತೆಗೆ ಪಿಯುಸಿ ಮುಗಿಸಿದ ಮಗಳು.

"ಮೇಷ್ಟ್ರೇ, ಅವತ್ತು ನನ್ನ ಕಷ್ಟವ ನನ್ನ ಬಾಯಲ್ಲಿ ಹೇಳಕ್ಕಾಗ್ನಿಲ್ಲ. ನೀವು ಹೇಳ್ಬುಟ್ರಿ. ನನ್ ಕುರಿ ನಿಮ್ದೇ ಸೊಪ್ಪು ತಿಂದಿದ್ವು, ಆದ್ರೂ ಹೇಳ್ಬುಟ್ರಿ. ಆ ವಿದ್ಯೆ ಇವಳ್ಗೂ ಒಸಿ ಬರ್ಲಿ. ಸೇರಿಸ್ಕಳಿ."

ಬದುಕಿಕೊಂಡರು ಎಂದು ನಾನು ನಿರಾಳವಾಗಿ ಉಸಿರು ಬಿಟ್ಟೆ. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು: "ಮೊದಲು, ಇದನ್ನ ಓದಬಾರದು ಅನ್ನೋರ ವಾದ ಏನಂದ್ರೆ..."

ಅಯ್ಯೋ ದೇವರೇ! ನಾನು ಅವರ ಬಾಯಿ ಮುಚ್ಚಲು ಕೈ ಎತ್ತಿಯೇ ಬಿಟ್ಟೆ. ಅಷ್ಟರಲ್ಲಿ ಹುಡುಗಿ ಹೇಳಿದಳು: "ಆ ವಾದವ ಊರೋರೆಲ್ಲ ಹೇಳವ್ರೆ ಸಾ. ನಿಮ್ ಪಕ್ಷ ಏನು? ಅದ ಕೇಳಕ್ಕೆ ಬಂದಿವ್ನಿ."

ಚಿಕ್ಕಪ್ಪನ ಪಕ್ಷವನ್ನು ಯಾರು ತಾನೇ ಇದುವರೆಗೆ ಕೇಳಿದ್ದರು? ಮನೆಯವರಾದ ನಾವಾದರೂ? ಚಿಕ್ಕಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಕಣ್ಣನ್ನೂ.

"ಕೂತ್ಕೊಳಮ್ಮ," ಎಂದರು. "ಒಸಿ ಹೊತ್ತಾಗುತ್ತೆ."

ನಾನು ಪುಸ್ತಕದ ಕಟ್ಟು ಬಿಚ್ಚಿದೆ.